ಬಿಂದು ಯಾವುದು, ಗೆರೆ ಯಾವುದು? ಗ್ರಾಫ್ ಸಿದ್ಧಾಂತ ನಡೆದು ಬಂದ ದಾರಿ

1736ರ ಏಪ್ರಿಲ್‌ನಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಡಾನ್ಜಿಗ್ ನಗರದ ಮೇಯರ್ ಎಹ್ಲರ್‌ಗೆ ಬರೆದ ಪತ್ರದಲ್ಲಿ ತುಸು ಬೇಸರ ಇಣುಕುತ್ತದೆ. ಎಹ್ಲರ್ ಕೇಳಿದ್ದು ಕೋನಿಗ್ಸ್‌ಬರ್ಗ್ ಊರಿನ ಒಂದು ಒಗಟಿನ ಬಗ್ಗೆ. ಪ್ರೆಗೆಲ್ ನದಿ ಆ ಊರನ್ನು ನಾಲ್ಕು ತುಂಡು ನೆಲವಾಗಿ ಒಡೆದಿತ್ತು, ಅವುಗಳ ನಡುವೆ ಏಳು ಸೇತುವೆಗಳಿದ್ದವು. ಒಂದು ಸೇತುವೆಯನ್ನೂ ಬಿಡದೆ, ಯಾವುದನ್ನೂ ಎರಡನೇ ಸಲ ತುಳಿಯದೆ ಊರು ಸುತ್ತಿ ಬರಲು ಸಾಧ್ಯವೇ? ಇದಕ್ಕೂ ಗಣಿತಕ್ಕೂ ಹೆಚ್ಚಿನ ನಂಟಿಲ್ಲ, ಬರೀ ವಿವೇಚನೆಯಿಂದ ಬಗೆಹರಿಯುವುದನ್ನು ಗಣಿತಜ್ಞನೇ ಬಿಡಿಸಲಿ ಎಂದು ಏಕೆ ಬಯಸುತ್ತೀರೋ ತಿಳಿಯದು ಎಂಬ ಅರ್ಥದಲ್ಲಿ ಆಯ್ಲರ್ ಉತ್ತರಿಸಿದ. ಹಾಗೆ ಬರೆಯುವ ಹೊತ್ತಿಗೆ ಅವನು ಒಗಟನ್ನು ಬಿಡಿಸಿ, ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದೆ ಮಂಡಿಸಿ ಏಳೆಂಟು ತಿಂಗಳಾಗಿತ್ತು!

ಬಿಡಿಸಿದ ಬಗೆ ಇಷ್ಟು ಸರಳ. ದಾರಿಯ ನಡುವೆ ಒಂದು ನೆಲಕ್ಕೆ ಬಂದರೆ ಅಲ್ಲಿಂದ ಹೊರಡಲೇಬೇಕು. ಒಳಬರಲು ಒಂದು ಸೇತುವೆ, ಹೊರಹೋಗಲು ಇನ್ನೊಂದು. ಅಂದರೆ ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಆದ್ದರಿಂದ ನಡಿಗೆಯ ಮೊದಲು ಮತ್ತು ಕೊನೆಯ ಜಾಗಗಳನ್ನು ಬಿಟ್ಟರೆ ಉಳಿದೆಲ್ಲ ನೆಲಗಳಿಗೂ ಸಮಸಂಖ್ಯೆಯ ಸೇತುವೆಗಳು ಇರಬೇಕು. ಕೋನಿಗ್ಸ್‌ಬರ್ಗ್‌ನಲ್ಲಿ ಒಂದು ನೆಲಕ್ಕೆ ಐದು, ಮಿಕ್ಕ ಮೂರಕ್ಕೆ ತಲಾ ಮೂರು. ನಾಲ್ಕೂ ಬೆಸ. ಅಂಥ ನಡಿಗೆ ಸಾಧ್ಯವಿಲ್ಲ, ಚರ್ಚೆ ಮುಗಿಯಿತು.

ಇಲ್ಲಿ ಗಮನಿಸಬೇಕಾದದ್ದು ಉತ್ತರಕ್ಕಿಂತ ಅವನು ಬಿಸಾಡಿದ ಸಂಗತಿಗಳನ್ನು. ಸೇತುವೆಯ ಉದ್ದ, ನದಿಯ ತಿರುವು, ದ್ವೀಪದ ವಿಸ್ತಾರ, ಯಾವುದೂ ಲೆಕ್ಕಕ್ಕೆ ಬೇಡ. ಯಾವುದು ಯಾವುದಕ್ಕೆ ಕೂಡಿಕೊಂಡಿದೆ ಎಂಬುದೊಂದೇ ಸಾಕು. ನೆಲವನ್ನು ಬಿಂದುವಾಗಿಸಿ, ಸೇತುವೆಯನ್ನು ಗೆರೆಯಾಗಿಸಿದರೆ ಉಳಿಯುವ ಚಿತ್ರವನ್ನೇ ಇಂದು ಗ್ರಾಫ್ ಎನ್ನುತ್ತೇವೆ. ಪಠ್ಯಪುಸ್ತಕಗಳು ಈ ಚಿತ್ರವನ್ನು ಆಯ್ಲರ್‌ನ ಹೆಸರಿಗೇ ಹಚ್ಚುತ್ತವೆ. ಆದರೆ ಅವನ ಪ್ರಬಂಧದಲ್ಲಿ ಅದು ಇಲ್ಲ. ಅವನು ಅಕ್ಷರಗಳ ಸಾಲು ಬರೆದು ಎಣಿಸಿದ್ದನಷ್ಟೇ. ಬಿಂದು-ಗೆರೆಗಳ ಆ ಚಿತ್ರ ಮುದ್ರಣದಲ್ಲಿ ಕಾಣಿಸಿಕೊಳ್ಳಲು ಹತ್ತೊಂಬತ್ತನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಬೆಸ ಸಂಖ್ಯೆಯ ಗೆರೆಗಳು ಸೇರುವ ಬಿಂದುಗಳು ಎರಡಕ್ಕಿಂತ ಹೆಚ್ಚಿಲ್ಲದಿದ್ದರೆ ದಾರಿ ಖಂಡಿತ ಇದೆ ಎಂಬ ಮಾತನ್ನೂ ಅವನು ಹೇಳಿ ಬಿಟ್ಟನೇ ಹೊರತು ಪೂರ್ತಿ ಸಾಧಿಸಲಿಲ್ಲ, ಅಂದರೆ ತರ್ಕದಿಂದ ರುಜುವಾತು ಮಾಡಲಿಲ್ಲ. ಆ ಸಾಧನೆ ಕಾರ್ಲ್ ಹಿಯರ್‌ಹೋಲ್ಟ್‌ಸರ್‌ನದು. ಅದು ಅಚ್ಚಾಗಿದ್ದು 1873ರಲ್ಲಿ, ಅವನು ತೀರಿಕೊಂಡ ಮೇಲೆ.

(ಕೋನಿಗ್ಸ್‌ಬರ್ಗ್ ಈಗ ರಷ್ಯಾದ ಕಲಿನಿನ್‌ಗ್ರಾಡ್. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಏಳರಲ್ಲಿ ಎರಡು ಸೇತುವೆಗಳು ಹೋದವು. ಹಳೆಯ ಜಾಗಗಳಲ್ಲಿ ಉಳಿದಿರುವ ಐದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಆ ನಡಿಗೆ ಈಗ ಸಾಧ್ಯ. ಒಂದು ದ್ವೀಪದಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಸಬೇಕು, ಅಷ್ಟೆ.)

ಆಯ್ಲರ್‌ನ ಒಗಟು ಶತಮಾನ ಕಾಲ ಒಂಟಿಯಾಗಿಯೇ ಉಳಿಯಿತು. ಅದಕ್ಕೆ ಜತೆ ಸಿಕ್ಕಿದ್ದು ಗಣಿತದಿಂದಲ್ಲ, ವಿದ್ಯುತ್ತಿನಿಂದ. ಮತ್ತೆ ಅದೇ ಊರಿನವನು: ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ ಅಲ್ಲೇ ಓದಿದ ಗುಸ್ಟಾವ್ ಕಿರ್ಕಾಫ್. ವಿದ್ಯುತ್ ಮಂಡಲದ ಯಾವ ಸುತ್ತು ಹಿಡಿದರೂ ಒಂದು ಸಮೀಕರಣ ಹುಟ್ಟುತ್ತದೆ ಎಂಬ ಅವನ ನಿಯಮವನ್ನು ಭೌತಶಾಸ್ತ್ರ ಓದಿದವರೆಲ್ಲ ಬಲ್ಲರು. ತೊಂದರೆ ಏನೆಂದರೆ ಜಟಿಲ ಮಂಡಲದಲ್ಲಿ ಸುತ್ತುಗಳು ಲೆಕ್ಕವಿಲ್ಲದಷ್ಟು, ಅವುಗಳಲ್ಲಿ ಹೆಚ್ಚಿನವು ಹೇಳಿದ್ದನ್ನೇ ಹೇಳುತ್ತವೆ. 1847ರಲ್ಲಿ ಕಿರ್ಕಾಫ್ ಕಂಡುಕೊಂಡ ಉಪಾಯ ಹೀಗಿದೆ: ಒಂದೂ ಸುತ್ತು ಉಳಿಯದಂತೆ, ಆದರೆ ಯಾವ ಬಿಂದುವೂ ಬೇರ್ಪಡದಂತೆ ತಂತಿಗಳನ್ನು ಒಂದೊಂದಾಗಿ ಕಿತ್ತುಹಾಕಿ. ಉಳಿಯುವುದು ಕೊಂಬೆಗಳಿರುವ ಒಂದು ಮರ. ಕಿತ್ತ ತಂತಿಗಳಲ್ಲಿ ಒಂದನ್ನು ಮರಳಿ ಸೇರಿಸಿದರೆ ಸರಿಯಾಗಿ ಒಂದು ಸುತ್ತು ಮೂಡುತ್ತದೆ. ಆ ಸುತ್ತುಗಳೇ ಸಾಕು, ಬೇರೆಯವು ಬೇಡ.

ಹತ್ತು ವರ್ಷಗಳ ಬಳಿಕ ಆರ್ಥರ್ ಕೇಲಿ ಬೇರೊಂದು ದಾರಿಯಿಂದ ಇದೇ ಮರಗಳ ಬುಡಕ್ಕೆ ಬಂದ. 1870ರ ದಶಕದಲ್ಲಿ ಅವನ ಕಣ್ಣು ರಸಾಯನಶಾಸ್ತ್ರದ ಮೇಲೆ ಬಿತ್ತು. ಬ್ಯೂಟೇನ್‌ನಲ್ಲಿ ನಾಲ್ಕು ಇಂಗಾಲದ ಪರಮಾಣುಗಳಿವೆ. ಅವನ್ನು ಸಾಲಾಗಿ ಪೋಣಿಸಬಹುದು, ಇಲ್ಲವೇ ನಡುವಿನ ಒಂದಕ್ಕೆ ಮೂರನ್ನು ಅಂಟಿಸಬಹುದು. ಅಲ್ಲಿಗೆ ಎರಡು ಬಗೆ. ಐದು ಇಂಗಾಲವಾದರೆ ಮೂರು ಬಗೆ, ಆರಾದರೆ ಐದು, ಹತ್ತಾದರೆ 75, ಇಪ್ಪತ್ತಾದರೆ 3,66,319. ಹೈಡ್ರೋಜನ್‌ಗಳನ್ನು ಮರೆತು, ಯಾವ ಬಿಂದುವಿಗೂ ನಾಲ್ಕಕ್ಕಿಂತ ಹೆಚ್ಚು ಗೆರೆ ಇರದಂಥ ಮರಗಳನ್ನು ಎಣಿಸಿದರೆ ರಸಾಯನಶಾಸ್ತ್ರಜ್ಞನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕೈಲೆಕ್ಕದಲ್ಲಿ ಕೇಲಿ 12 ಮತ್ತು 13 ಇಂಗಾಲಗಳ ಹತ್ತಿರ ಎಡವಿದ. ಅಷ್ಟು ದೂರ ಎಡವದೆ ಬಂದದ್ದೇ ನನಗೆ ಅಚ್ಚರಿ. ಅವನ ಗೆಳೆಯ ಸಿಲ್ವೆಸ್ಟರ್ 1878ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬೀಜಗಣಿತವನ್ನೂ ರಸಾಯನಶಾಸ್ತ್ರವನ್ನೂ ಹೋಲಿಸಿ ಬರೆಯುವಾಗ ಈ ಚಿತ್ರಗಳಿಗೆ 'ಗ್ರಾಫ್' ಎಂದು ಕರೆದ. ಹೆಸರು ನಿಂತಿತು. ಅದರಿಂದಾದ ತೊಂದರೆಯೂ ನಿಂತಿತು: ಗ್ರಾಫ್ ಎಂದರೆ ಇವತ್ತಿಗೂ ಹೆಚ್ಚಿನವರಿಗೆ ನೆನಪಾಗುವುದು ಚೌಕುಳಿ ಹಾಳೆ ಮತ್ತು ಎರಡು ಅಕ್ಷಗಳು.

ಮೊದಲು ಸಿದ್ಧಾಂತ ಹುಟ್ಟಿತು, ಆಮೇಲೆ ಅದಕ್ಕೆ ಉಪಯೋಗ ಸಿಕ್ಕಿತು ಎಂದು ಈ ಚರಿತ್ರೆಯನ್ನು ಹೇಳುವ ರೂಢಿಯಿದೆ. ನನಗದು ಒಪ್ಪಿಗೆಯಿಲ್ಲ. ತಂತಿ, ಅಣು, ರೈಲುಹಳಿಗಳ ತಗಾದೆಯಿಂದಲೇ ಸಿದ್ಧಾಂತದ ಅರ್ಧ ಭಾಗ ಹುಟ್ಟಿದೆ. 1926ರಲ್ಲಿ ಒಟಕಾರ್ ಬೊರೂವ್ಕಾ ಕೈಗೆತ್ತಿಕೊಂಡದ್ದು ಈಗಿನ ಚೆಕ್ ದೇಶದ ಮೊರಾವಿಯಾ ಪ್ರಾಂತ್ಯದ ಊರುಗಳಿಗೆಲ್ಲ ಅತಿ ಕಡಿಮೆ ಖರ್ಚಿನಲ್ಲಿ ವಿದ್ಯುತ್ ತಂತಿ ಎಳೆಯುವ ಲೆಕ್ಕವನ್ನು. ಡೇನೆಸ್ ಕ್ಯೋನಿಗ್ ಈ ವಿಷಯದ ಮೊದಲ ಪಠ್ಯಪುಸ್ತಕ ಬರೆದದ್ದು 1936ರಲ್ಲಿ. ಅಂದರೆ ಸಿದ್ಧಾಂತ ತನಗೊಂದು ಪುಸ್ತಕ ಪಡೆಯುವ ಹೊತ್ತಿಗೆ ಕೆಲಸಕ್ಕೆ ಸೇರಿ ತೊಂಬತ್ತು ವರ್ಷವಾಗಿತ್ತು.

ನಾಲ್ಕು ಬಣ್ಣಗಳ ಕಥೆ ಇದಕ್ಕೆ ಅಪವಾದ. 1852ರಲ್ಲಿ ಫ್ರಾನ್ಸಿಸ್ ಗತ್ರಿ ಇಂಗ್ಲೆಂಡಿನ ಜಿಲ್ಲೆಗಳ ನಕ್ಷೆಗೆ ಬಣ್ಣ ಹಚ್ಚುತ್ತಿದ್ದಾಗ, ನೆರೆಯ ಜಿಲ್ಲೆಗಳಿಗೆ ಒಂದೇ ಬಣ್ಣ ಬಾರದಿರಲು ನಾಲ್ಕೇ ಸಾಕಾಗುವಂತೆ ಕಂಡಿತು. ಯಾವ ನಕ್ಷೆಗಾದರೂ ಹಾಗೇ ಸಾಕೇ? 1879ರಲ್ಲಿ ಆಲ್‌ಫ್ರೆಡ್ ಕೆಂಪೆ ಎಂಬ ವಕೀಲ ಸಾಧನೆ ಕೊಟ್ಟ, ಗಣಿತಲೋಕ ತಲೆದೂಗಿತು. ಹನ್ನೊಂದು ವರ್ಷಗಳ ನಂತರ ಹೀವುಡ್ ಅದರಲ್ಲಿ ತೂತು ತೋರಿಸಿದ. ಕೊನೆಗೆ 1976ರಲ್ಲಿ ಕೆನೆತ್ ಆಪೆಲ್ ಮತ್ತು ವೋಲ್ಫ್‌ಗಾಂಗ್ ಹಾಕೆನ್, ಪ್ರಶ್ನೆಯನ್ನು ಸುಮಾರು ಎರಡು ಸಾವಿರ ಬಿಡಿ ಪ್ರಕರಣಗಳಿಗೆ ಇಳಿಸಿ, ಕಂಪ್ಯೂಟರನ್ನು ಸಾವಿರಕ್ಕೂ ಹೆಚ್ಚು ಗಂಟೆ ದುಡಿಸಿ ಮುಗಿಸಿದರು. ಯಾವ ಮನುಷ್ಯನೂ ಪೂರ್ತಿ ಓದಿ ಪರೀಕ್ಷಿಸಲಾಗದ್ದನ್ನು ಸಾಧನೆ ಎನ್ನಬಹುದೇ ಎಂಬ ಜಗಳ ಅಲ್ಲಿಂದ ಶುರುವಾಯಿತು. ನಕ್ಷೆ ಮಾಡುವವರಿಗಂತೂ ಇದರಿಂದ ನಯಾಪೈಸೆ ಪ್ರಯೋಜನವಾಗಲಿಲ್ಲ. ಆದರೆ ಬಣ್ಣ ಹಚ್ಚುವ ವಿಚಾರ ಅನಿರೀಕ್ಷಿತ ಜಾಗದಲ್ಲಿ ನೆಲೆ ಕಂಡಿತು. ಪ್ರೊಗ್ರಾಮಿನ ಪ್ರತಿ ಚರವೂ ಒಂದು ಬಿಂದು ಎನ್ನಿ. ಏಕಕಾಲಕ್ಕೆ ಬೇಕಾಗುವ ಎರಡು ಚರಗಳ ನಡುವೆ ಗೆರೆ ಎಳೆಯಿರಿ. ಪ್ರೊಸೆಸರ್‌ನೊಳಗಿನ ಚರಗಳನ್ನಿಡುವ ಕೆಲವೇ ಖಾನೆಗಳು, ಅಂದರೆ ರಿಜಿಸ್ಟರ್‌ಗಳೇ ಬಣ್ಣಗಳು. 1980ರ ದಶಕದ ಆರಂಭದಲ್ಲಿ ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು ಪ್ರೊಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಈ ಲೆಕ್ಕವನ್ನೇ ಕಲಿಸಿದರು.

ಶೀತಲ ಸಮರವೂ ತನ್ನ ಪಾಲು ಸಲ್ಲಿಸಿದೆ. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಗಾಗಿ ಹ್ಯಾರಿಸ್ ಮತ್ತು ರಾಸ್ ಎಂಬಿಬ್ಬರು ಒಂದು ಗುಟ್ಟಿನ ವರದಿ ಬರೆದರು. ಸೋವಿಯತ್ ಒಕ್ಕೂಟದಿಂದ ಪೂರ್ವ ಯುರೋಪಿಗೆ ಸರಕು ಸಾಗಿಸುವ ರೈಲುಜಾಲವನ್ನು ಅವರು 44 ಬಿಂದು, 105 ಗೆರೆಗಳಿಗೆ ಇಳಿಸಿದ್ದರು. ಗೆರೆಯ ಮೇಲೆ ಅದು ಹೊರಬಲ್ಲ ಸರಕಿನ ಮಿತಿ. ಪ್ರಶ್ನೆ: ಎಲ್ಲೆಲ್ಲಿ ಕತ್ತರಿಸಿದರೆ ಹರಿವು ಪೂರ್ತಿ ನಿಂತೀತು, ಅದೂ ಅತಿ ಕಡಿಮೆ ಶ್ರಮದಲ್ಲಿ? ಉತ್ತರ 1,63,000 ಟನ್ ಸಾಮರ್ಥ್ಯದ ಒಂದು 'ಇಕ್ಕಟ್ಟು'. ಅದೇ ಸಂಸ್ಥೆಯ ಫೋರ್ಡ್ ಮತ್ತು ಫಲ್ಕರ್‌ಸನ್ ಇದರ ಹಿಂದಿನ ನಿಯಮವನ್ನು ಸಾಧಿಸಿ 1956ರಲ್ಲಿ ಪ್ರಕಟಿಸಿದರು: ಜಾಲದಲ್ಲಿ ಹರಿಸಬಹುದಾದ ಗರಿಷ್ಠ ಮೊತ್ತವೂ ಅದನ್ನು ತಡೆಯುವ ಕನಿಷ್ಠ ಕಡಿತವೂ ಒಂದೇ. ಸಾಗಿಸುವವನ ಲೆಕ್ಕವೂ ಬಾಂಬ್ ಹಾಕುವವನ ಲೆಕ್ಕವೂ ಒಂದೇ ಸಂಖ್ಯೆಯಲ್ಲಿ ಮುಗಿಯುತ್ತದೆ. ಪ್ರಮೇಯ ತರಗತಿಗಳಿಗೆ ಬಂತು; ಅದರ ಮೂಲದಲ್ಲಿದ್ದ ವರದಿಯ ಮೇಲಿನ ಗುಟ್ಟಿನ ಮುದ್ರೆ ಕಳಚಿದ್ದು 1999ರಲ್ಲಿ.

ಅದೇ 1956ರಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ, ತಾನು ಮದುವೆಯಾಗಲಿದ್ದ ಹುಡುಗಿಯ ಜತೆ ಕೂತಿದ್ದಾಗ, ಕಾಗದ ಪೆನ್ಸಿಲ್ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಅತಿ ಹತ್ತಿರದ ದಾರಿ ಹುಡುಕುವ ಕ್ರಮವನ್ನು ಹೊಳೆಯಿಸಿಕೊಂಡ. ಹೊಸ ಕಂಪ್ಯೂಟರೊಂದರ ಶಕ್ತಿಯನ್ನು ಜನರಿಗೆ ತೋರಿಸಲು ಅವನಿಗೊಂದು ಉದಾಹರಣೆ ಬೇಕಿತ್ತು. ನೆದರ್‌ಲೆಂಡ್ಸಿನ 64 ಊರುಗಳನ್ನು ಆರಿಸಿಕೊಂಡಿದ್ದ. ಮೊಬೈಲಿನ ನಕ್ಷೆಯಲ್ಲಿ ದಾರಿ ಕೇಳಿದಾಗ ಒಳಗೆ ನಡೆಯುವುದು ಆ ಕ್ರಮದ ವಂಶದವರ ಕೆಲಸವೇ. ಅಂತರ್ಜಾಲದ ಎಷ್ಟೋ ರೂಟರ್‌ಗಳು ದತ್ತಾಂಶಕ್ಕೆ ದಾರಿ ಗೊತ್ತುಮಾಡುವುದೂ ಅದರಿಂದಲೇ. ಜಾಲಪುಟಗಳನ್ನು ಬಿಂದುಗಳಾಗಿ, ಕೊಂಡಿಗಳನ್ನು ಗೆರೆಗಳಾಗಿ ಕಂಡು 1998ರಲ್ಲಿ ಗೂಗಲ್ ಹುಟ್ಟಿದ್ದು ಎಲ್ಲರಿಗೂ ಗೊತ್ತಿರುವ ಮಾತು.

ಇಲ್ಲಿ ತುಸು ಹಿಂದಕ್ಕೆ ಹೋಗಬೇಕು. 1857ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಒಂದು ಆಟ ಕಟ್ಟಿದ: ಇಪ್ಪತ್ತು ಊರುಗಳು, ನಡುವೆ ರಸ್ತೆಗಳು, ಪ್ರತಿ ಊರಿಗೂ ಒಂದೇ ಸಲ ಹೋಗಿ ಹೊರಟಲ್ಲಿಗೆ ಮರಳಬೇಕು. ಅದನ್ನು 25 ಪೌಂಡಿಗೆ ಆಟಿಕೆ ವ್ಯಾಪಾರಿಗೆ ಮಾರಿದ. ಆಟ ಓಡಲಿಲ್ಲ. ಆಯ್ಲರ್‌ನ ಒಗಟಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಪದದ್ದು: ಅಲ್ಲಿ ಪ್ರತಿ ಗೆರೆ, ಇಲ್ಲಿ ಪ್ರತಿ ಬಿಂದು. ಆ ಒಂದು ಪದ ಆಕಾಶ-ಭೂಮಿಯಷ್ಟು ಅಂತರ ತಂದಿತು. ಆಯ್ಲರ್‌ನ ಪ್ರಶ್ನೆಗೆ ಬೆಸ-ಸಮ ಎಣಿಸಿದರೆ ಸಾಕು. ಹ್ಯಾಮಿಲ್ಟನ್‌ನದಕ್ಕೆ ಯಾವ ಜಾಲಕ್ಕೂ ಸಲ್ಲುವ ಅಂಥ ಅಡ್ಡದಾರಿ ಈವರೆಗೆ ಸಿಕ್ಕಿಲ್ಲ. 1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿ ಮಾಡಿದ 21 ಜಿಗುಟು ಸಮಸ್ಯೆಗಳಲ್ಲಿ ಅದೂ ಸೇರಿದೆ; ಅವುಗಳಲ್ಲಿ ಒಂದಕ್ಕೆ ಚುರುಕಾದ ಕ್ರಮ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ.

ಈ ವ್ಯತ್ಯಾಸ ಬರೀ ಪಂಡಿತರ ಚರ್ಚೆಯಲ್ಲ ಎಂದು ಗೊತ್ತಾದದ್ದು ಡಿಎನ್‌ಎ ಓದುವ ಕೆಲಸದಲ್ಲಿ. ಯಂತ್ರಗಳು ಜೀನೋಮನ್ನು, ಅಂದರೆ ಜೀವಿಯೊಂದರ ಇಡೀ ಡಿಎನ್‌ಎ ಪಾಠವನ್ನು, ಒಂದೇ ಉಸಿರಿಗೆ ಓದಲಾರವು. ಒಂದರ ಮೇಲೊಂದು ಚಾಚಿಕೊಂಡ ಚೂರುಗಳನ್ನು ಕೊಡುತ್ತವೆ, ಹೊಲಿಯುವುದು ನಮ್ಮ ಪಾಲಿಗೆ. 'ಸರಸರನೆ' ಎಂಬ ಪದವನ್ನೇ ತೆಗೆದುಕೊಳ್ಳಿ. ಮೂರು ಮೂರು ಅಕ್ಷರದ ಚೂರು ಮಾಡಿದರೆ ಸಿಗುವುದು ಸರಸ, ರಸರ, ಸರನೆ. ಚೂರನ್ನೇ ಬಿಂದುವಾಗಿಸಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವಲ್ಲಿ ಗೆರೆ ಎಳೆದರೆ, ಎಲ್ಲ ಬಿಂದುಗಳನ್ನೂ ಒಮ್ಮೆ ಹಾಯುವ ದಾರಿ ಬೇಕಾಗುತ್ತದೆ. ಅದು ಹ್ಯಾಮಿಲ್ಟನ್‌ನ ಕೂಪ. ಮೂರು ಚೂರಿಗೆ ಪರವಾಗಿಲ್ಲ, ಕೋಟಿ ಚೂರಿಗೆ ಗತಿಯೇನು?

ಈಗ ತಿರುಗಿಸಿ ನೋಡಿ. ಎರಡಕ್ಷರದ ತುಂಡುಗಳು ಬಿಂದುಗಳಾಗಲಿ: ಸರ, ರಸ, ರನೆ. ಮೂರಕ್ಷರದ ಚೂರು ಗೆರೆಯಾಗಲಿ: 'ಸರಸ' ಎಂಬುದು ಸರದಿಂದ ರಸಕ್ಕೆ, 'ರಸರ' ರಸದಿಂದ ಮರಳಿ ಸರಕ್ಕೆ, 'ಸರನೆ' ಸರದಿಂದ ರನೆಗೆ. ಈಗ ಬೇಕಾದದ್ದು ಪ್ರತಿ ಗೆರೆಯನ್ನೂ ಒಮ್ಮೆ ತುಳಿಯುವ ದಾರಿ. 'ಸರ'ಕ್ಕೆ ಮೂರು ಗೆರೆ, 'ರನೆ'ಗೆ ಒಂದು, 'ರಸ'ಕ್ಕೆ ಎರಡು. ಬೆಸ ಎರಡೇ, ಅಲ್ಲಿಗೆ ಆರಂಭವೂ ಕೊನೆಯೂ ಗೊತ್ತಾದವು. ಸರ, ರಸ, ಸರ, ರನೆ ಎಂದು ನಡೆದರೆ ಪದ ಕೈಗೆ ಬರುತ್ತದೆ. 2001ರಲ್ಲಿ ಪಾವೆಲ್ ಪೆವ್ಜ್‌ನರ್, ಹೈಕ್ಸು ಟಾಂಗ್ ಮತ್ತು ಮೈಕೆಲ್ ವಾಟರ್‌ಮನ್ ಜೀನೋಮ್ ಜೋಡಣೆಗೆ ಮುಂದಿಟ್ಟದ್ದು ಇದೇ ತಿರುವನ್ನು. ಡಚ್ ಗಣಿತಜ್ಞ ಡಿ ಬ್ರೌನ್ 1946ರಲ್ಲಿ ಬೇರೇನನ್ನೋ ಎಣಿಸಲು ಬಳಸಿದ್ದ ಗ್ರಾಫ್ ಹೀಗೆ ಜೀವವಿಜ್ಞಾನದ ಉಪಕರಣವಾಯಿತು. ಮುಂದಿನ ವರ್ಷಗಳಲ್ಲಿ ಸಣ್ಣ ಚೂರುಗಳನ್ನು ರಾಶಿ ರಾಶಿಯಾಗಿ ಕೊಡುವ ಯಂತ್ರಗಳು ಬಂದಾಗ ಜೋಡಣೆಯ ತಂತ್ರಾಂಶಗಳು ಈ ದಾರಿಯನ್ನೇ ನೆಚ್ಚಿಕೊಂಡವು.

ಸಮಸ್ಯೆ ಬದಲಾಗಲಿಲ್ಲ, ದತ್ತಾಂಶ ಬದಲಾಗಲಿಲ್ಲ. ಯಾವುದನ್ನು ಬಿಂದು ಎನ್ನುವುದು, ಯಾವುದನ್ನು ಗೆರೆ ಎನ್ನುವುದು ಎಂಬ ಆಯ್ಕೆಯಷ್ಟೇ ಬದಲಾಯಿತು. ಗ್ರಾಫ್ ಸಿದ್ಧಾಂತದ ಬಳಕೆಯಲ್ಲಿ ಕಷ್ಟದ ಕೆಲಸ ನಡೆಯುವುದು ಪ್ರಮೇಯಕ್ಕೂ ಮೊದಲು, ಈ ಆಯ್ಕೆಯಲ್ಲಿ. 1986ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನ 302 ನರಕೋಶಗಳ ಜಾಲ ಪ್ರಕಟವಾಯಿತು. 2024ರಲ್ಲಿ ಹಣ್ಣುನೊಣದ ಮಿದುಳಿನ 1,39,255 ನರಕೋಶಗಳ ನಕ್ಷೆ ಬಂತು. ನರಕೋಶ ಬಿಂದು, ಅವುಗಳ ಸಂಧಿ ಗೆರೆ, ಸರಿ. ಆದರೆ ಸಂಧಿಯ ಬಲ, ರಾಸಾಯನಿಕಗಳ ಬಗೆ, ಸಮಯ? ಆಯ್ಲರ್ ಸೇತುವೆಯ ಉದ್ದವನ್ನು ಬಿಸಾಡಿ ಗೆದ್ದ. ಮಿದುಳಿನ ವಿಷಯದಲ್ಲಿ ಏನನ್ನು ಬಿಸಾಡಬಹುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಜೀನೋಮಿನ ಕಥೆಯಲ್ಲೂ ಆಯ್ಲರ್‌ನ ಗೆಲುವು ಶಾಶ್ವತವಾಗಿರಲಿಲ್ಲ. ಜೀನೋಮಿನಲ್ಲಿ ಒಂದೇ ಸಾಲು ನೂರಾರು ಕಡೆ ಮರುಕಳಿಸುತ್ತದೆ. ಸಣ್ಣ ಚೂರುಗಳ ಗ್ರಾಫಿನಲ್ಲಿ ಆಗ ಗೆರೆಗಳೆಲ್ಲ ಗಂಟಾಗಿ, ಒಂದಲ್ಲ, ಹಲವು ಆಯ್ಲರ್ ದಾರಿಗಳು ಕಾಣುತ್ತವೆ. ನಿಜವಾದದ್ದು ಯಾವುದೆಂದು ಗ್ರಾಫ್ ಹೇಳದು. ಮನುಷ್ಯನ ಜೀನೋಮಿನ ಅಂಥ ಗಂಟುಗಳು ಬಿಚ್ಚಿಕೊಂಡದ್ದು ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಬಾರಿಗೆ ಓದುವ ಯಂತ್ರಗಳು ಬಂದ ಮೇಲೆ. 2022ರಲ್ಲಿ ಸುಮಾರು 300 ಕೋಟಿ ಅಕ್ಷರಗಳ ಸಂಪೂರ್ಣ ಪಾಠ ಪ್ರಕಟವಾದಾಗ, ಚೂರು ಚೂರುಗಳ ನಡುವಿನ ಹೊಂದಿಕೆಯನ್ನೇ ಹಿಡಿದು ಹೊಲಿಯುವ ಹಳೆಯ ಕ್ರಮ ಹೊಸ ರೂಪದಲ್ಲಿ ಮರಳಿತ್ತು.