ಅಂತರಗಂಗೆ ತೆಗೆಸುವ ಮೊದಲು ಕಾಲುವೆ ನೋಡಿ

ಕೆರೆ ತುಂಬ ನೇರಳೆ ಹೂ ಅರಳಿದ ಫೋಟೊ ಕಳಿಸಿ, "ಇದನ್ನ ತೆಗೆಸೋಕೆ ಎಷ್ಟಾಗುತ್ತೆ ಸರ್?" ಅಂತ ಕೇಳುವವರು ಜಾಸ್ತಿ. ನಾನು ಮೊದಲು ಕೇಳುವುದು ಬೇರೆ: ಕೆರೆಗೆ ನೀರು ತರುವ ರಾಜಕಾಲುವೆಯಲ್ಲಿ ಏನು ಹರಿದು ಬರ್ತಿದೆ?

ಅಂತರಗಂಗೆ, ಅಂದರೆ ವಾಟರ್ ಹಯಸಿಂತ್, ದಕ್ಷಿಣ ಅಮೆರಿಕದ ಗಿಡ. ಹೂವಿನ ಚೆಂದಕ್ಕೆ ಮರುಳಾಗಿ ಜನರೇ ಊರೂರಿಗೆ ಒಯ್ದರು. ಬಂಗಾಳದಲ್ಲಿ ಇದರ ಕಾಟಕ್ಕೆ 1936ರಲ್ಲಿ ಕಾನೂನೇ ಬಂತು. ಕೊಳಚೆಯ ಸಾರಜನಕ, ರಂಜಕ ಸಿಕ್ಕರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಕೆಳಗಿನ ನೀರಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಮೀನು ಸಾಯುತ್ತವೆ.

ಒಂದು ಗಿಡ ಎತ್ತಿ ನೋಡಿ. ಎಲೆಯ ತೊಟ್ಟು ಉಬ್ಬಿರುತ್ತದೆ, ಒಳಗೆಲ್ಲ ಗಾಳಿ. ಬುಡದಿಂದ ಹೊರಟ ಎಳೆಯ ತುದಿಯಲ್ಲಿ ಮರಿಗಿಡ. ಹೂ ಬಾಡಿದ ಮೇಲೆ ದಂಟು ತಾನಾಗಿ ಬಾಗಿ ನೀರಿಗಿಳಿಯುತ್ತದೆ, ಬೀಜ ಕೆಸರು ಸೇರುತ್ತದೆ. ಅಲ್ಲಿ 15-20 ವರ್ಷ ಬದುಕಿರಬಲ್ಲದು. ಅದಕ್ಕೇ ಹೂ ಬಿಡುವ ಮುಂಚೆ ತೆಗೆಸಿ ಅನ್ನುವುದು.

ಎಲೆ ಮೇಲೆ ಸಣ್ಣ ದುಂಡನೆಯ ಕಂದು ಗಾಯಗಳಿವೆಯಾ? ಅದು ನಿಯೋಕೆಟಿನಾ ಮೂತಿಹುಳು ಕೆರೆದ ಗುರುತು. ಐದು ಮಿಲಿಮೀಟರಿನ ಈ ಹುಳುವನ್ನು 1980ರ ದಶಕದಲ್ಲಿ ಹೊರದೇಶದಿಂದ ತರಿಸಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಇದರ ಮರಿಗಳು ತೊಟ್ಟಿನೊಳಗೆ ಕೊರೆಯುತ್ತವೆ, ಗಿಡ ಸೊರಗಿ ಮುಳುಗುತ್ತದೆ. ಕೆಲವು ಕೆರೆಗಳಲ್ಲಿ ಒಳ್ಳೆಯ ಫಲವೇ ಸಿಕ್ಕಿತು. ಆದರೆ ಕೊಳಚೆ ಜಾಸ್ತಿ ಇರುವಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಚಿಗುರುತ್ತದೆ. ಅದರ ಮೇಲೆ ನಾವು ಹಿಟಾಚಿ ಇಳಿಸಿ ಪೂರ್ತಿ ಬಳಿದರೆ ಗಿಡದ ಜೊತೆ ಹುಳುವೂ ಟಿಪ್ಪರ್ ಸೇರುತ್ತದೆ. ಗಾಯದ ಗುರುತಿರುವ ಒಂದು ಮೂಲೆ ಬಿಟ್ಟು ಕೆಲಸ ಮಾಡಿಸಿ ಅಂತ ನಾನು ಪ್ರತಿಸಲ ಹೇಳುತ್ತೇನೆ. ಉಳಿದ ಗಿಡ ಹರಡದ ಹಾಗೆ ಆ ಮೂಲೆಗೆ ಅಡ್ಡ ತೇಲುಬೇಲಿ ಕಟ್ಟಬೇಕು.

ತೆಗೆದದ್ದನ್ನು ಏರಿ ಮೇಲೆ ರಾಶಿ ಹಾಕುವುದು ನಮ್ಮಲ್ಲಿ ದೊಡ್ಡ ತಪ್ಪು. ಅದು ಕೊಳೆತು ಸೋರಿದ ರಸ ಮಳೆಯಲ್ಲಿ ಮತ್ತೆ ಕೆರೆಗೇ ಇಳಿಯುತ್ತದೆ. ಗಿಡ ಹೀರಿದ್ದೆಲ್ಲ ವಾಪಸ್, ಹಣ ಸುಮ್ನೆ ಹೋಯ್ತು ಅಲ್ವಾ?

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಇದೆ ಅಂದ ಮಾತ್ರಕ್ಕೂ ನೆಮ್ಮದಿ ಬೇಡ. ಮಾಮೂಲಿ ಎಸ್‌ಟಿಪಿಯಿಂದ ತಿಳಿಯಾಗಿ ಬಂದ ನೀರಲ್ಲೂ ಸಾರಜನಕ, ರಂಜಕ ಸಾಕಷ್ಟು ಉಳಿದಿರುತ್ತದೆ. ಆ ನೀರಿನ ನೈಟ್ರೇಟ್ (ಸಾರಜನಕದ ರೂಪ), ಫಾಸ್ಫೇಟ್ (ರಂಜಕದ ರೂಪ) ರಿಪೋರ್ಟ್ ಕೇಳಿ ಪಡೆಯಿರಿ. ಟೆಂಡರ್ ಮಾತು ಆಮೇಲೆ.