ಸೂರಿನ ಐಸ್‌ಗೆ ಮದ್ದು ಅಟ್ಟದಲ್ಲಿದೆ

ಅಮೆರಿಕದ ಮಿನಿಯಾಪೊಲಿಸ್ ಕಡೆ ಜನವರಿ ಬಂತೆಂದರೆ ಮನೆ ತಪಾಸಣೆ ಮಾಡುವ ನಮಗೆ ಒಂದೇ ದೂರು. ಮಳೆಯಿಲ್ಲ, ಹೊರಗೆ ಕೊರೆಯುವ ಚಳಿ, ಆದರೂ ಸೀಲಿಂಗ್ ಸೋರುತ್ತಿದೆ. ಚಾವಣಿಯ ಶಿಂಗಲ್ಸ್ (ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸುವ ಚಪ್ಪಟೆ ಹಾಳೆಗಳು) ಹಾಳಾಗಿರಬೇಕು ಅಲ್ವಾ? ಬಹಳ ಸಲ ಅಲ್ಲ.

ಮನೆಯ ಬಿಸಿ ಗಾಳಿ ಸಂದಿಗಳಿಂದ ಅಟ್ಟಕ್ಕೆ ಏರುತ್ತದೆ. ಚಾವಣಿ ಬೆಚ್ಚಗಾಗಿ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಸೂರಿಗೆ ಇಳಿಯುತ್ತದೆ. ಸೂರು ಗೋಡೆಯಿಂದಾಚೆ ಚಾಚಿರುವುದರಿಂದ ಅಲ್ಲಿ ಬಿಸಿಯಿಲ್ಲ. ನೀರು ಮತ್ತೆ ಹೆಪ್ಪುಗಟ್ಟಿ ಒಡ್ಡಾಗುತ್ತದೆ. ಇದೇ ಐಸ್ ಡ್ಯಾಮ್. ಒಡ್ಡಿನ ಹಿಂದೆ ನಿಂತ ನೀರು ಶಿಂಗಲ್ಸ್ ಅಡಿಗೆ ನುಗ್ಗುತ್ತದೆ. ಶಿಂಗಲ್ಸ್ ಇರುವುದು ಹರಿಯುವ ನೀರಿಗೆ, ನಿಂತ ನೀರಿಗಲ್ಲ.

ಎಲ್ಲರೂ ಮೊದಲು ಅಟ್ಟಕ್ಕೆ ಇನ್ಸುಲೇಷನ್, ಅಂದರೆ ಬಿಸಿ ತಡೆಯುವ ಹೊದಿಕೆ, ಹಾಕಿಸಲು ಓಡುತ್ತಾರೆ. ಆದರೆ ಫೈಬರ್‌ಗ್ಲಾಸ್ ಎಂಬ ಗಾಜಿನ ಎಳೆಗಳ ಹೊದಿಕೆಯ ಒಳಗಿಂದ ಗಾಳಿ ಆರಾಮಾಗಿ ನುಸುಳುತ್ತದೆ. ಸಂದಿ ಮುಚ್ಚದೆ ಅದರ ಮೇಲೆ ಎಷ್ಟು ಸುರಿದರೂ ದುಡ್ಡು ದಂಡ. ಸೀಲಿಂಗ್ ದೀಪಗಳ ಸುತ್ತ, ಅಟ್ಟದ ಬಾಗಿಲು, ಪೈಪು, ವೈರು ಮೇಲೇರುವ ತೂತುಗಳು, ಇವನ್ನು ಮೊದಲು ಮುಚ್ಚಿಸಿ. ಚಿಮಣಿಯ ಸುತ್ತ ಮಾತ್ರ ಸಾಮಾನ್ಯ ಫೋಮ್ ಬೇಡ, ತಗಡು ಮತ್ತು ಬೆಂಕಿ ತಡೆಯುವ ಸೀಲಂಟ್ ಬೇಕು. ಬಚ್ಚಲಿನ ಫ್ಯಾನಿನ ಪೈಪು ಅಟ್ಟದೊಳಗೇ ಕೊನೆಯಾಗಿದೆಯಾ ಅಂತಲೂ ನೋಡಿ. ಹಬೆಯೆಲ್ಲ ಅಲ್ಲೇ ಉಳಿದು ಮರಕ್ಕೆ ಬೂಷ್ಟು ಹಿಡಿಯುತ್ತದೆ. ಇದಾದ ಮೇಲೆ ಇನ್ಸುಲೇಷನ್. ಅದು ಬಿಸಿಯನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ‘ಆರ್’ ಎಂಬ ಅಳತೆಯಿದೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಈ ಚಳಿಗೆ ಆರ್-49ರಿಂದ ಆರ್-60 ಇರಲಿ. ಸೂರಿನಡಿಯ ಗಾಳಿಕಿಂಡಿ ಮುಚ್ಚಿಹೋಗಬಾರದು.

ಐಸ್ ಕರಗಿಸಲೆಂದು ಸೂರಿಗೆ ಹಾಕುವ, ಕರೆಂಟಿನಿಂದ ಬಿಸಿಯಾಗುವ ಹೀಟ್ ಕೇಬಲ್ ನನಗೆ ಅಷ್ಟು ಇಷ್ಟವಿಲ್ಲ. ಕರೆಂಟ್ ಬಿಲ್ ಏರುತ್ತದೆ, ಅಟ್ಟದ ಸೋರಿಕೆ ಹಾಗೇ ಇರುತ್ತದೆ.

ಐಸ್ ಆಗಲೇ ಕಟ್ಟಿದ್ದರೆ ಕೊಡಲಿ, ಸುತ್ತಿಗೆ ಮುಟ್ಟಬೇಡಿ. ಚಳಿಗೆ ಬಿರುಸಾದ ಶಿಂಗಲ್ಸ್ ಪಟಪಟ ಒಡೆಯುತ್ತವೆ. ಅಡುಗೆ ಉಪ್ಪೂ ಬೇಡ, ಲೋಹಕ್ಕೆ ತುಕ್ಕು, ಗಿಡಕ್ಕೆ ಕೇಡು. ಹಬೆಯಿಂದ ಕರಗಿಸುವವರನ್ನು ಕರೆಸಿ. ಹೊಸ ಹಿಮ ಬಿದ್ದಾಗ ರೂಫ್ ರೇಕ್ (ಹಿಮ ಎಳೆಯುವ ಉದ್ದ ಹಿಡಿಕೆಯ ಸಲಕರಣೆ) ಹಿಡಿದು, ದೋಟಿಯಿಂದ ಮಾವು ಕೀಳುವ ಹಾಗೆ ನೆಲದ ಮೇಲೇ ನಿಂತು ಸೂರಂಚಿನ ಮೂರ್ನಾಲ್ಕು ಅಡಿ ಎಳೆದುಹಾಕಿ. ಕರೆಂಟ್ ತಂತಿ ಹತ್ತಿರವಿದ್ದರೆ ಅದೂ ಬೇಡ.

ಬಾಸ್ಟನ್‌ನಲ್ಲಿ 2014-15ರ ಚಳಿಗಾಲದಲ್ಲಿ 110.6 ಇಂಚು ಹಿಮ ಬಿತ್ತು. ಅಂಥ ವರ್ಷ ಅಚ್ಚುಕಟ್ಟಾದ ಮನೆಯೂ ಸೋರಬಹುದು. ಅದಕ್ಕೇ ಚಾವಣಿ ಬದಲಿಸುವಾಗ ಶಿಂಗಲ್ಸ್ ಅಡಿಗೆ ಅಂಟುವ ಪೊರೆಯೊಂದನ್ನು ಹಾಕಿಸಬೇಕು. ಸೂರಂಚಿನಿಂದ ಶುರುವಾಗಿ ಹೊರಗೋಡೆ ದಾಟಿ ಒಳಕ್ಕೆ ಕನಿಷ್ಠ 24 ಇಂಚು ಬರಲಿ. ಕಾಂಟ್ರಾಕ್ಟರ್ ಅಳೆಯುವುದು ಅಂಚಿನಿಂದಲೋ ಗೋಡೆಯಿಂದಲೋ ಎಂದು ಕೇಳಿ. ಸೂರು ಅಗಲವಿದ್ದರೆ ಒಂದು ಸಾಲು ಪೊರೆ ಸಾಲುವುದಿಲ್ಲ.