ಮಗುವಿನ ಎದೆಬಡಿತ ಕೇಳಲು ಮ್ಯಾನಿಕಿನ್ ಎಷ್ಟು ಕಲಿಸೀತು?

ವಯಸ್ಕರ ಹೃದಯದ ಸದ್ದು ಕೇಳಿ ಪಳಗಿದ ವಿದ್ಯಾರ್ಥಿಯೂ ಮಕ್ಕಳ ವಿಭಾಗಕ್ಕೆ ಬಂದ ಹೊಸತರಲ್ಲಿ ತಬ್ಬಿಬ್ಬಾಗುತ್ತಾನೆ. ನಿಮಿಷಕ್ಕೆ 70 ಸಲ ಬಡಿಯುವ ಹೃದಯದಲ್ಲಿ ಒಂದು ಬಡಿತಕ್ಕೆ ಸುಮಾರು 0.85 ಸೆಕೆಂಡ್ ಸಿಗುತ್ತದೆ. 150 ಸಲ ಬಡಿಯುವ ಹಸುಗೂಸಿನ ಹೃದಯದಲ್ಲಿ ಸಿಗುವುದು 0.4 ಸೆಕೆಂಡ್. ವೇಗ ಏರಿದಂತೆ ಡಯಾಸ್ಟೊಲ್ (ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವ) ಅವಧಿಯೇ ಹೆಚ್ಚು ಕುಗ್ಗುವುದರಿಂದ, ಲಬ್ ಮತ್ತು ಡಬ್‌ಗಳ ನಡುವಿನ ಎರಡೂ ಅಂತರಗಳು ಹೆಚ್ಚುಕಡಿಮೆ ಸಮನಾಗಿ, ಮೊದಲ ಸದ್ದು ಯಾವುದು, ಎರಡನೆಯದು ಯಾವುದು ಎಂಬುದೇ ಗೊಂದಲವಾಗುತ್ತದೆ. ಅದು ತಿಳಿಯದಿದ್ದರೆ ಮರ್ಮರ್ (ಬಡಿತದ ಸದ್ದುಗಳ ನಡುವೆ ಕೇಳುವ ಹೆಚ್ಚುವರಿ ಸದ್ದು) ಕಿವಿಗೆ ಬಿದ್ದರೂ ಅದನ್ನು ಎಲ್ಲಿ ಕೂರಿಸಬೇಕೆಂದು ಗೊತ್ತಾಗುವುದಿಲ್ಲ.

ಸಿಮ್ಯುಲೇಟರ್, ಅಂದರೆ ದೇಹದ ಸದ್ದುಗಳನ್ನು ಹೊರಡಿಸುವ ತರಬೇತಿ ಗೊಂಬೆ (ಮ್ಯಾನಿಕಿನ್), ನಿಜವಾಗಿ ಕೈಹಿಡಿಯುವುದು ಇಲ್ಲಿಯೇ. ಬಡಿತವನ್ನು 80ಕ್ಕೆ ಇಳಿಸಿ, ಶಿಶು ಮ್ಯಾನಿಕಿನ್‌ನ ತೋಳಿನ ನಾಡಿಯ ಮೇಲೆ ಬೆರಳಿಟ್ಟು, ನಾಡಿಗೆ ತುಸು ಮುನ್ನ ಬರುವ ಸದ್ದೇ ಮೊದಲನೆಯದೆಂದು ಗುರುತಿಸಲು ಹೇಳಿ, ಆಮೇಲೆ ವೇಗವನ್ನು 100, 120, 150 ಎಂದು ಏರಿಸುತ್ತಾ ಹೋದರೆ ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ. ಯಾವ ಮಗುವಿನ ಹೃದಯವೂ ನಮ್ಮ ಪಾಠಕ್ಕಾಗಿ ನಿಧಾನಿಸುವುದಿಲ್ಲ. ಕಾಯಿಲೆಯಿರುವ ಮಗುವನ್ನು ಹತ್ತು ಮಂದಿ ಸರದಿಯಲ್ಲಿ ಮುಟ್ಟುವುದೂ ಸರಿಯಲ್ಲ.

ಹೃದಯ ಪರೀಕ್ಷೆಗೆಂದೇ ರೂಪುಗೊಂಡ ಹಾರ್ವೆ ಎಂಬ ಮ್ಯಾನಿಕಿನ್ 1968ರಲ್ಲೇ ಮಿಯಾಮಿ ವಿಶ್ವವಿದ್ಯಾಲಯದಿಂದ ಬಂದಿತ್ತು, ಆದರೆ ಅದು ವಯಸ್ಕನ ದೇಹ. ಶಿಶುವಿನ ಗಾತ್ರದವು ಬಂದದ್ದು ಬಹಳ ತಡವಾಗಿ. ದುಬಾರಿ ಮ್ಯಾನಿಕಿನ್ ಇಲ್ಲದವರಿಗೆ ಧ್ವನಿಮುದ್ರಿಕೆಗಳೇ ಸಾಕಷ್ಟು ಕಲಿಸಬಲ್ಲವು, ಒಂದು ಷರತ್ತಿನೊಂದಿಗೆ: ಹೃದಯದ ಸದ್ದುಗಳ ಬಹುಭಾಗ 200 ಹರ್ಟ್ಸ್‌ಗಿಂತ ಕೆಳಗಿರುವುದರಿಂದ ಮೊಬೈಲ್‌ನ ಪುಟ್ಟ ಸ್ಪೀಕರ್ ಅವನ್ನು ನುಂಗಿಬಿಡುತ್ತದೆ. ಒಳ್ಳೆಯ ಹೆಡ್‌ಫೋನ್ ಇಲ್ಲದೆ ಕೇಳಿಸಿದ ಪಾಠ ವ್ಯರ್ಥ.

ನನ್ನ ಮುಖ್ಯ ತಕರಾರು ಯಂತ್ರದ ಬಗ್ಗೆ ಅಲ್ಲ, ಅದರಲ್ಲಿ ನಾವು ಆರಿಸುವ ಸದ್ದುಗಳ ಬಗ್ಗೆ. ಮ್ಯಾನಿಕಿನ್ ಮುಂದೆ ನಿಂತ ವಿದ್ಯಾರ್ಥಿ ರೋಗ ಇದ್ದೇ ಇರುತ್ತದೆಂದು ಊಹಿಸಿಕೊಂಡೇ ಸ್ಟೆತಸ್ಕೋಪ್ ಇಡುತ್ತಾನೆ, ಏಕೆಂದರೆ ನಾವು ಅವನಿಗೆ ಕೇಳಿಸುವುದು ವಿಎಸ್‌ಡಿ, ಪಿಡಿಎಗಳನ್ನೇ (ಹೃದಯದ ಕೆಳಕೋಣೆಗಳ ನಡುವಿನ ಗೋಡೆಯ ರಂಧ್ರ, ಹುಟ್ಟಿದ ಮೇಲೆ ಮುಚ್ಚಬೇಕಾದ ರಕ್ತನಾಳ ತೆರೆದೇ ಉಳಿಯುವುದು). ಆರೋಗ್ಯವಂತ ಮಕ್ಕಳಲ್ಲಿ ಕೇಳುವ ಮರ್ಮರ್‌ಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಅವುಗಳಲ್ಲೊಂದಾದ, 1909ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ ವಿವರಿಸಿದ, ತಂತಿ ಮೀಟಿದಂತೆ ಕಂಪಿಸುವ ಸದ್ದು ಮಗು ಮಲಗಿದಾಗ ಜೋರಾಗಿದ್ದು ಎದ್ದು ಕುಳಿತಾಗ ತಗ್ಗುತ್ತದೆ. ಕುತ್ತಿಗೆಯ ಬುಡದಲ್ಲಿ ಕೇಳುವ ವೀನಸ್ ಹಮ್ (ಅಭಿಧಮನಿಯಲ್ಲಿ ರಕ್ತ ಹರಿಯುವ ನಿರಪಾಯಕಾರಿ ಸದ್ದು) ಇದಕ್ಕೆ ತದ್ವಿರುದ್ಧವಾಗಿ ಮಲಗಿದರೆ, ಅಥವಾ ಕುತ್ತಿಗೆಯ ರಕ್ತನಾಳವನ್ನು ಮೃದುವಾಗಿ ಒತ್ತಿದರೆ, ಮಾಯವಾಗುತ್ತದೆ. ಮ್ಯಾನಿಕಿನ್ ಅನ್ನು ಎತ್ತಿ ಕೂರಿಸಿದರೆ ಸದ್ದು ತಾನಾಗಿ ಬದಲಾಗುವುದು ಅಪರೂಪ; ಆ ಕ್ಷಣಕ್ಕೆ ನಿಯಂತ್ರಣ ಫಲಕದ ಬಳಿ ಬೋಧಕನೇ ಎಚ್ಚರವಾಗಿರಬೇಕು. ಅರ್ಧದಷ್ಟು ಪಾಠಗಳಲ್ಲಾದರೂ ಸಹಜ ಹೃದಯವನ್ನೇ ಇಟ್ಟು, "ಏನೂ ತೊಂದರೆಯಿಲ್ಲ" ಎಂದು ಹೇಳುವ ಧೈರ್ಯವನ್ನು ವಿದ್ಯಾರ್ಥಿಗೆ ಕಲಿಸಬೇಕು.

ಶ್ವಾಸಕೋಶದ ವಿಷಯದಲ್ಲಿ ಯಂತ್ರ ಇನ್ನಷ್ಟು ದಾರಿತಪ್ಪಿಸುತ್ತದೆ. ಶಿಶುವಿನ ಎದೆಗೋಡೆ ತೆಳುವಾದ್ದರಿಂದ ಒಂದು ಕಡೆಯ ಸದ್ದು ಇಡೀ ಎದೆಗೆ ಹರಡುತ್ತದೆ, ಮೂಗು ಕಟ್ಟಿದ ಗೊರಗೊರ ಸದ್ದೂ ಎದೆಯದೇ ಎಂಬಂತೆ ಕೇಳುತ್ತದೆ. ಚರ್ಮದಡಿ ನಿಗದಿತ ಜಾಗಗಳಲ್ಲಿ ಸ್ಪೀಕರ್ ಇಟ್ಟ ಮ್ಯಾನಿಕಿನ್ ಇದನ್ನು ತೋರಿಸಲಾರದು. ಸ್ಟೆತಸ್ಕೋಪನ್ನು ಮೂಗಿನ ಹತ್ತಿರ ಹಿಡಿದು ಹೋಲಿಸುವ ಉಪಾಯವನ್ನು ನಿಜವಾದ ಮಗುವಿನ ಬಳಿಯೇ ಕಲಿಯಬೇಕು. ತೀವ್ರ ಆಸ್ತಮಾದಲ್ಲಿ ವೀಝ್ (ಸಿಳ್ಳೆಯಂಥ ಉಸಿರಿನ ಸದ್ದು) ನಿಂತುಹೋಗುವ ನಿಶ್ಶಬ್ದ ಎದೆಯನ್ನು ಮಾತ್ರ ಸಿಮ್ಯುಲೇಟರ್‌ನಲ್ಲೇ ಮೊದಲು ಎದುರಿಸುವುದು ಒಳ್ಳೆಯದು, ಏಕೆಂದರೆ ಆ ಮೌನವನ್ನು ಸುಧಾರಣೆಯೆಂದು ತಿಳಿದರೆ ಮಗುವಿನ ಜೀವಕ್ಕೇ ಅಪಾಯ.

ಪರೀಕ್ಷೆಯ ದಿನ ಅಭ್ಯಾಸದ ಸದ್ದುಗಳನ್ನೇ ಮತ್ತೆ ಕೇಳಿಸಿ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ವಿದ್ಯಾರ್ಥಿ ಹಿಂದೆಂದೂ ಕೇಳಿರದ, ಬೇರೊಂದು ಮಗುವಿನಿಂದ ಮುದ್ರಿಸಿದ, ಅಳುವೂ ಸೇರಿಕೊಂಡ ಸದ್ದನ್ನೇ ಕೊಡಬೇಕು.